ಹಕ್ಕಿ ನೋಡಲು ಹೊರಟವರಿಗೆ: ಗುರುತು ಹಿಡಿಯುವುದನ್ನು ಹಂತ ಹಂತವಾಗಿ ಕಲಿಯುವ ಮಾರ್ಗದರ್ಶಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಭಾನುವಾರ ಬೆಳಿಗ್ಗೆ ಹೊಸಬರ ಜೊತೆ ನಡೆಯುವಾಗ ಮತ್ತೆ ಮತ್ತೆ ಇದನ್ನೇ ನೋಡಿದ್ದೇನೆ. ಹಕ್ಕಿ ಎದುರಿಗೇ ಕೂತಿರುತ್ತದೆ. ಒಂದೆರಡು ಸೆಕೆಂಡು ನೋಡುತ್ತಾರೆ, ಕೂಡಲೇ ತಲೆ ಬಗ್ಗಿಸಿ ಪುಸ್ತಕದ ಪುಟ ಮಗುಚುತ್ತಾರೆ, ಇಲ್ಲವೇ ಮೊಬೈಲ್ ತೆಗೆಯುತ್ತಾರೆ. ತಲೆ ಎತ್ತುವಷ್ಟರಲ್ಲಿ ಕೊಂಬೆ ಖಾಲಿ. ‘ಏನೋ ಕಂದು ಬಣ್ಣ ಇತ್ತು ಸಾರ್, ಹೊಟ್ಟೆ ಸ್ವಲ್ಪ ಬೆಳ್ಳಗಿತ್ತು’ ಅನ್ನುತ್ತಾರೆ. ಆ ವರ್ಣನೆಗೆ ಹತ್ತಾರು ಹಕ್ಕಿಗಳು ಒಪ್ಪುತ್ತವೆ.

ನಾಲ್ಕು ವಾರ ಹೀಗಾದ ಮೇಲೆ ‘ಇದು ನಮಗೆ ಒಗ್ಗಲ್ಲ’ ಅಂತ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕೆಲಸದ ಕ್ರಮ ಹಿಂದುಮುಂದಾಗಿರುವುದರಿಂದ ಹೀಗಾಗುತ್ತದೆ, ಅಷ್ಟೇ. ಹಕ್ಕಿ ಇರುವಷ್ಟು ಹೊತ್ತು ಹಕ್ಕಿಯನ್ನೇ ನೋಡಬೇಕು, ಅದು ಹಾರಿದ ಮೇಲೆ ಬರೆಯಬೇಕು, ಬರೆದಾದ ಮೇಲೆ ಪುಸ್ತಕ ತೆರೆಯಬೇಕು. ಕೆಳಗಿನ ಹಂತಗಳೆಲ್ಲ ಈ ಕ್ರಮವನ್ನು ಕೈಗೆ ಹತ್ತಿಸಿಕೊಳ್ಳುವುದಕ್ಕೆ.

ಹಂತ 1: ಬೇಕಾದ ಸಾಮಾನು

ಮೊದಲ ಎರಡು ವಾರಕ್ಕೆ ಬೇಕಾದದ್ದು ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ ಬೇಡ, ಇಬ್ಬನಿ ಬಿದ್ದ ಕಾಗದದ ಮೇಲೆ ಶಾಯಿ ಕದಡಿಹೋಗುತ್ತದೆ.

ಆಮೇಲೆ ಬೈನಾಕ್ಯುಲರ್. ಅದರ ಮೇಲೆ ಎರಡು ಸಂಖ್ಯೆ ಬರೆದಿರುತ್ತದೆ. 8x42 ಅಂದರೆ ಹಕ್ಕಿ 8 ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಹೊಸಬರಿಗೆ 8x40 ಅಥವಾ 8x42 ಸರಿಯಾದ ಅಳತೆ. ಅಂಗಡಿಯವರು ‘ಇದರಲ್ಲಿ 20 ಪಟ್ಟು ಕಾಣುತ್ತೆ’ ಅಂತ ದೊಡ್ಡದನ್ನು ಮುಂದಿಡುತ್ತಾರೆ. ತೆಗೆದುಕೊಳ್ಳಬೇಡಿ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ, ನೋಟದ ಅಗಲ ಕುಗ್ಗುತ್ತದೆ, ಎಲೆಗಳ ನಡುವೆ ಹಕ್ಕಿಯನ್ನು ಹುಡುಕುವುದೇ ಆಗುವುದಿಲ್ಲ. ಜೂಮ್ ಇರುವ ಬೈನಾಕ್ಯುಲರ್ರೂ ಬೇಡ, ಕೆಂಪಗೆ ಹೊಳೆಯುವ ಗಾಜಿನದೂ ಬೇಡ. ಕನ್ನಡಕ ಹಾಕುವವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ, ಕನ್ನಡಕದ ಮೇಲೆಯೇ ಇಟ್ಟು ನೋಡಬೇಕು.

ಫೋನಿನಲ್ಲಿ ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಭಾರತದ ಹಕ್ಕಿಗಳ ಮಾಹಿತಿಯನ್ನು ಮನೆಯಲ್ಲೇ ಇಳಿಸಿಕೊಂಡಿರಿ, ಕೆರೆ ಹತ್ತಿರ ನೆಟ್‌ವರ್ಕ್ ಸಿಗದಿರಬಹುದು. ಕ್ಯಾಮೆರಾ ಮೊದಲ ವರ್ಷ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕ್ಯಾಮೆರಾ ಹಿಡಿದವರ ಗಮನವೆಲ್ಲ ಫೋಟೊ ಚೆನ್ನಾಗಿ ಬಂತೋ ಇಲ್ಲವೋ ಎಂಬ ಕಡೆಗೆ ಹೋಗುತ್ತದೆ. ಹಕ್ಕಿ ಏನು ತಿಂದಿತು, ಹೇಗೆ ನಡೆಯಿತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಬಟ್ಟೆ ಮಣ್ಣಿನ ಬಣ್ಣದ್ದೋ ಎಲೆಯ ಬಣ್ಣದ್ದೋ ಇರಲಿ, ಸಾಕು.

ಹಂತ 2: ಬೈನಾಕ್ಯುಲರ್ರನ್ನು ನಿಮ್ಮ ಕಣ್ಣಿಗೆ ಹೊಂದಿಸಿ

ಬೈನಾಕ್ಯುಲರ್ ಕೊಂಡ ಅನೇಕರು ಈ ಕೆಲಸ ಮಾಡಿರುವುದೇ ಇಲ್ಲ. ಎರಡು ಕಣ್ಣಿನ ದೃಷ್ಟಿ ಒಂದೇ ಸಮ ಇರುವುದು ಅಪರೂಪ. ಹೊಂದಿಸದೆ ನೋಡಿದರೆ ಹತ್ತು ನಿಮಿಷಕ್ಕೆ ತಲೆನೋವು ಶುರು.

ಮೊದಲು ಎರಡು ಕೊಳವೆಗಳನ್ನು ಹತ್ತಿರ-ದೂರ ಮಡಚಿ, ಕಾಣುವ ಎರಡು ವೃತ್ತ ಸೇರಿ ಒಂದೇ ಆಗುವಂತೆ ಮಾಡಿ. ದೂರದ ಒಂದು ಬೋರ್ಡನ್ನು ಆರಿಸಿಕೊಳ್ಳಿ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿನಲ್ಲಿ ಅಕ್ಷರ ಚೂಪಾಗಿ ಕಾಣುವವರೆಗೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ಬಳೆಯನ್ನು ಮಾತ್ರ ತಿರುಗಿಸಿ ಅದೇ ಅಕ್ಷರವನ್ನು ಚೂಪು ಮಾಡಿ. ಆ ಬಳೆ ಯಾವ ಗುರುತಿನ ಮೇಲೆ ನಿಂತಿತು ಎಂದು ನೆನಪಿಡಿ. ಇನ್ನು ಮುಂದೆ ನಡುವಿನ ಚಕ್ರವೊಂದೇ ಸಾಕು. ಮನೆಯಲ್ಲಿ ಬೇರೆಯವರು ನೋಡಿ ವಾಪಸ್ ಕೊಟ್ಟಾಗ ಬಳೆ ಜಾಗ ಬದಲಾಗಿದೆಯೇ ನೋಡಿಕೊಳ್ಳಿ.

ಇನ್ನು ಎತ್ತುವ ಅಭ್ಯಾಸ. ಬರಿಗಣ್ಣಿಗೆ ಹಕ್ಕಿ ಸಿಕ್ಕಿದೆ, ಬೈನಾಕ್ಯುಲರ್ ಹಾಕಿದರೆ ಬರೀ ಎಲೆ ಕಾಣುತ್ತದೆ ಎಂಬ ದೂರು ಎಲ್ಲರದೂ. ನೀವು ಬೈನಾಕ್ಯುಲರ್ ಕಡೆ ನೋಡಿ, ಅದನ್ನು ಕಣ್ಣಿಗಿಟ್ಟು, ಆಮೇಲೆ ಹಕ್ಕಿಯನ್ನು ಹುಡುಕುತ್ತಿದ್ದೀರಿ. ಹಕ್ಕಿಯ ಮೇಲಿಂದ ದೃಷ್ಟಿ ಕೀಳಬೇಡಿ. ಕತ್ತು ಅಲ್ಲಾಡಬಾರದು, ಕೈ ಮಾತ್ರ ಮೇಲೆದ್ದು ಬೈನಾಕ್ಯುಲರ್ ಕಣ್ಣಿನ ಮುಂದೆ ಬರಬೇಕು. ಕರೆಂಟ್ ಕಂಬದ ಮೇಲಿನ ಕಾಗೆ, ತೆಂಗಿನ ಗರಿಯ ತುದಿಯ ಕಾಜಾಣ ಇದಕ್ಕೆ ಒಳ್ಳೆಯ ಗುರಿ. ದಿನಕ್ಕೆ ಹತ್ತು ಸಲ, ಒಂದು ವಾರ ಮಾಡಿ. ಸೂರ್ಯನಿರುವ ಕಡೆ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ, ಕಣ್ಣೇ ಹೋದೀತು.

ಹಂತ 3: ಮನೆ ಸುತ್ತಲಿನ ಹಕ್ಕಿಗಳನ್ನು ಅಳತೆಗೋಲು ಮಾಡಿಕೊಳ್ಳಿ

ಗೊತ್ತಿರುವ ಹಕ್ಕಿಗಳನ್ನೇ ಇನ್ನೊಮ್ಮೆ ನೋಡಿ ಎಂದರೆ ಹೊಸಬರಿಗೆ ಬೇಸರ ಆಗುತ್ತದೆ. ಆದರೆ ಈ ಹಂತ ಹಾರಿಸಿದವರು ವರ್ಷ ಕಳೆದರೂ ಅಲ್ಲೇ ಇರುತ್ತಾರೆ.

ಸೂರಕ್ಕಿ ಸುಮಾರು 10 ಸೆಂ.ಮೀ., ಗುಬ್ಬಚ್ಚಿ 15, ಪಿಕಳಾರ 20, ಗೊರವಂಕ 23ರಿಂದ 25, ಪಾರಿವಾಳ 33, ಊರ ಕಾಗೆ 40ರ ಆಸುಪಾಸು. ಈ ಆರು ಹಕ್ಕಿಗಳು ಕಣ್ಣಿಗೆ ಕೂತುಬಿಟ್ಟರೆ ಹೊಸ ಹಕ್ಕಿ ಕಂಡಾಗ ‘ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು’ ಅಂತ ತಾನಾಗಿ ಬಾಯಿಗೆ ಬರುತ್ತದೆ. ಅಷ್ಟರಿಂದಲೇ ಪುಸ್ತಕದ ಮುಕ್ಕಾಲು ಪಾಲು ಪುಟ ಬಿಟ್ಟುಹೋಗುತ್ತವೆ. ಒಂಟಿ ಹಕ್ಕಿ ದೂರದಲ್ಲಿ ಕೂತಿದ್ದರೆ ಅಳತೆ ಮೋಸ ಮಾಡುತ್ತದೆ. ಪಕ್ಕದಲ್ಲಿ ಇನ್ನೊಂದು ಗೊತ್ತಿರುವ ಹಕ್ಕಿ ಬಂದು ಕೂರುವವರೆಗೆ ಕಾಯಿರಿ.

ಈ ಎರಡು ವಾರ ಗೊರವಂಕ ಹೇಗೆ ನಡೆಯುತ್ತದೆ, ಗುಬ್ಬಚ್ಚಿ ಹೇಗೆ ಕುಪ್ಪಳಿಸುತ್ತದೆ ನೋಡಿ. ಗೊರವಂಕ ಒಂದಾದ ಮೇಲೊಂದು ಕಾಲಿಟ್ಟು ನಡೆಯುತ್ತದೆ, ಗುಬ್ಬಚ್ಚಿ ಎರಡೂ ಕಾಲು ಜೋಡಿಸಿ ನೆಗೆಯುತ್ತದೆ. ಕಣ್ಣು ಇಂಥದ್ದನ್ನು ಹಿಡಿಯತೊಡಗಿದಾಗ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 4: ಹೊತ್ತು, ಜಾಗ, ನಿಲ್ಲುವ ಬಗೆ

ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ. ನಡುಮಧ್ಯಾಹ್ನ ಹೋಗಿ ‘ಏನೂ ಇಲ್ಲ’ ಎಂದು ಬಂದವರು ತುಂಬಾ ಜನ. ನವೆಂಬರಿನಿಂದ ಫೆಬ್ರವರಿವರೆಗೆ ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಇರುತ್ತವೆ, ಎಷ್ಟೋ ಮರಗಳು ಎಲೆ ಉದುರಿಸಿರುತ್ತವೆ. ಶುರುಮಾಡಲು ಅದೇ ಒಳ್ಳೆಯ ಕಾಲ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಿನಲ್ಲಿ ಬಣ್ಣವೆಲ್ಲ ಕಪ್ಪು ನೆರಳಾಗುತ್ತದೆ. ‘ಕರೀ ಹಕ್ಕಿ’ ಅಂತ ಬರೆದುಕೊಂಡವರ ಅರ್ಧ ತಪ್ಪು ಇಲ್ಲೇ ಆಗಿರುತ್ತದೆ. ಕೆರೆಗೆ ಹೋಗುವ ಮುಂಚೆ ಬೆಳಿಗ್ಗೆ ಯಾವ ದಂಡೆಯಲ್ಲಿ ನಿಂತರೆ ಬೆಳಕು ಹಿಂದಿನಿಂದ ಬರುತ್ತದೆ ಎಂದು ಲೆಕ್ಕ ಹಾಕಿ.

ಹೆಚ್ಚು ನಡೆಯಬೇಡಿ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರದ ಕೆಳಗೆ ಅರ್ಧ ಗಂಟೆ ನಿಂತರೆ ಕುಟ್ರ, ಕೋಗಿಲೆ, ಪಿಕಳಾರ, ಹೊನ್ನಕ್ಕಿ ತಾವಾಗಿ ಬರುತ್ತವೆ. ಬೀದಿ ಬದಿಯ ಗಸಗಸೆ ಹಣ್ಣಿನ ಮರವನ್ನೂ ಕಡೆಗಣಿಸಬೇಡಿ, ಹೆಬ್ಬೆರಳಷ್ಟಿರುವ ಬದನಿಕೆ ಹಕ್ಕಿ ಅಲ್ಲೇ ಸಿಗುತ್ತದೆ. ಐದು ವಾರ ಐದು ಊರಿಗೆ ಹೋಗುವುದಕ್ಕಿಂತ ಐದು ವಾರ ಒಂದೇ ಜಾಗಕ್ಕೆ ಹೋದವರು ಬೇಗ ಕಲಿಯುತ್ತಾರೆ.

ಜೊತೆಗಿರುವವರಿಗೆ ಹಕ್ಕಿ ತೋರಿಸುವಾಗ ಕೈ ಎತ್ತಿ ಬೆರಳು ಚಾಚಬೇಡಿ, ಹಕ್ಕಿ ಹೆದರುತ್ತದೆ. ಮರವನ್ನೇ ಗಡಿಯಾರ ಎಂದುಕೊಂಡು ‘ಹೊಂಗೆ ಮರ, ಎರಡು ಗಂಟೆ ಕಡೆ, ಒಣಕೊಂಬೆ ತುದಿ’ ಎಂದು ಮೆಲ್ಲಗೆ ಹೇಳಿ.

ಹಂತ 5: ನೋಡುವ ಕ್ರಮ, ಬಣ್ಣ ಕೊನೆಗೆ

ಮಾರ್ಗದರ್ಶಿಯ ತಿರುಳು ಇದು. ಹಕ್ಕಿ ಕಂಡಾಗ ಮನಸ್ಸಿನಲ್ಲಿ ಈ ಸಾಲಿನಲ್ಲೇ ಕೇಳಿಕೊಳ್ಳಿ: ಎಷ್ಟು ದೊಡ್ಡದು? ಮೈಕಟ್ಟು ಹೇಗಿದೆ, ಬಾಲ ಮೈಗಿಂತ ಉದ್ದವೋ ಮೋಟೋ? ಕೊಕ್ಕು ಗುಬ್ಬಚ್ಚಿಯಂತೆ ಕಾಳು ಒಡೆಯುವ ದಪ್ಪ ಕೊಕ್ಕೋ, ಸೂರಕ್ಕಿಯಂತೆ ಬಾಗಿದ ಸೂಜಿಯೋ, ಗರುಡನಂತೆ ಕೊಂಡಿಯೋ? ಏನು ಮಾಡುತ್ತಿದೆ? ಎಲ್ಲಿದೆ, ನೆಲದ ಮೇಲೋ, ಪೊದೆಯೊಳಗೋ, ಮರದ ತುದಿಯಲ್ಲೋ? ಇಷ್ಟಾದ ಮೇಲೆ ಬಣ್ಣ. ಬಣ್ಣದಲ್ಲೂ ಮೊದಲು ಮುಖ: ಹುಬ್ಬಿನ ಪಟ್ಟೆ, ಕಣ್ಣಿನ ಸುತ್ತ, ಕೆನ್ನೆ, ಕೊರಳು. ಆಮೇಲೆ ಎದೆ, ರೆಕ್ಕೆಯ ಪಟ್ಟೆ, ಬಾಲದ ಬುಡ, ಕಾಲು.

ಬಣ್ಣ ಯಾಕೆ ಕೊನೆಗೆ? ಬಣ್ಣ ಬೆಳಕಿನಿಂದ ಬದಲಾಗುತ್ತದೆ, ಗಂಡು ಹೆಣ್ಣಿಗೆ ಬೇರೆ, ಮರಿಗೆ ಬೇರೆ, ಗೂಡು ಕಟ್ಟುವ ಕಾಲಕ್ಕೆ ಮತ್ತೂ ಬೇರೆ. ಮೈಕಟ್ಟು, ನಡಿಗೆ ಅಷ್ಟು ಬೇಗ ಬದಲಾಗುವುದಿಲ್ಲ.

ಒಂದು ಬೆಳಿಗ್ಗೆ ಕೆರೆಯ ಅಂಚಿನಲ್ಲಿ ಒಬ್ಬ ಹುಡುಗಿಗೆ ಕೆಸರನ್ನು ತೋರಿಸಿ ಹತ್ತು ನಿಮಿಷ ಅಲ್ಲೇ ನೋಡು ಎಂದೆ. ಅವಳಿಗೆ ಬರೀ ಮಣ್ಣಿನ ಹೆಂಟೆಗಳು ಕಂಡವು. ನಾಲ್ಕನೇ ನಿಮಿಷಕ್ಕೆ ಒಂದು ಹೆಂಟೆಗೆ ಹಳದಿ ಕಣ್ಣಿರುವುದು ಕಂಡಿತು. ಕುತ್ತಿಗೆಯನ್ನು ಭುಜದೊಳಗೆ ಹುದುಗಿಸಿಕೊಂಡು, ಎದೆಯ ತುಂಬ ಕಂದು ಗೀಟುಗಳ ಹಕ್ಕಿ, ಕಾಲು ನೀರಿನಲ್ಲಿ. ಕುತ್ತಿಗೆ ಕೂದಲೆಳೆಯಷ್ಟು ಮುಂದಕ್ಕೆ ಬಂತು, ನಿಂತಿತು, ಮತ್ತೆ ಅಷ್ಟೇ ಬಂತು. ತಟಕ್ಕನೆ ಕೊಕ್ಕು ನೀರಿಗಿಳಿದು ಒಂದು ಸಣ್ಣ ಮೀನಿನೊಡನೆ ಮೇಲೆ ಬಂತು. ಆಮೇಲೆ ಯಾರೋ ಹತ್ತಿರ ಬಂದರು, ಹಕ್ಕಿ ಹಾರಿತು, ರೆಕ್ಕೆ ಬಿಚ್ಚಿದ ಕ್ಷಣ ಪೂರ್ತಿ ಬಿಳಿ. ‘ಅಯ್ಯೋ, ಬೆಳ್ಳಕ್ಕಿ ಆಗ್ಹೋಯ್ತು!’ ಎಂದಳು. ಅದು ಕೊಳದ ಬಕ. ಹಾರುವಾಗ ಮಾತ್ರ ಕಂಡವರು ಬೆಳ್ಳಕ್ಕಿ ಎಂದು ಬರೆಯುತ್ತಾರೆ, ಕೂತಾಗ ಮಾತ್ರ ಕಂಡವರು ಕಂದು ಹಕ್ಕಿ ಎಂದು ಬರೆಯುತ್ತಾರೆ. ಹತ್ತು ನಿಮಿಷ ನಿಂತವಳಿಗೆ ಅದು ಇನ್ನೆಂದೂ ತಪ್ಪುವುದಿಲ್ಲ.

ಹಂತ 6: ಪುಸ್ತಕಕ್ಕೆ ಮುಂಚೆ ನೋಟ್‌ಬುಕ್ಕು

ಹಕ್ಕಿ ಹಾರಿದ ಕೂಡಲೇ ಬರೆಯಿರಿ. ಚಿತ್ರ ಬರೆಯಲು ಬಾರದಿದ್ದರೆ ಒಂದು ಮೊಟ್ಟೆ, ಅದರ ಮೇಲೆ ಸಣ್ಣ ಸೊನ್ನೆ, ಕೊಕ್ಕು, ಬಾಲ. ಅಷ್ಟಕ್ಕೆ ಬಾಣದ ಗುರುತು ಹಾಕಿ ಬಣ್ಣ ಬರೆದರೆ ಸಾಕು. ಒಂದು ಪುಟ ಹೀಗಿರಬಹುದು:

‘ಜನವರಿ, ಬೆಳಿಗ್ಗೆ 7.20, ಬಿಸಿಲು ಹಿಂದೆ. ಗದ್ದೆ ಬದು, ತಂತಿ ಮೇಲೆ ಒಂಟಿ. ಗುಬ್ಬಚ್ಚಿಗಿಂತ ತುಸು ಉದ್ದ, ತೆಳ್ಳಗೆ. ಕೊಕ್ಕು ಉದ್ದ, ಕೆಳಕ್ಕೆ ಬಾಗಿದೆ. ಹಾರಿ ಹುಳ ಹಿಡಿದು ಅದೇ ಜಾಗಕ್ಕೆ ವಾಪಸ್, ಮೂರು ಸಲ. ಹುಳವನ್ನು ತಂತಿಗೆ ಬಡಿಯಿತು. ಹಸಿರು ಮೈ, ಕಣ್ಣಿನ ಮೇಲೆ ಕಪ್ಪು ಗೆರೆ, ಬಾಲದ ನಡುವೆ ಎರಡು ಸೂಜಿಯಂಥ ಗರಿ.’

ಇದನ್ನು ಓದಿದ ಯಾರೇ ಆಗಲಿ ಸಣ್ಣ ಕಳ್ಳಿಪೀರ ಎಂದು ಹೇಳಬಲ್ಲರು. ಪುಸ್ತಕ ನೋಡಿಕೊಂಡು ಬರೆದ ಟಿಪ್ಪಣಿಯಲ್ಲಿ ಹೀಗಾಗುವುದಿಲ್ಲ; ಚಿತ್ರದಲ್ಲಿರುವುದನ್ನೆಲ್ಲ ಕಂಡೆವು ಎಂದು ಮನಸ್ಸು ನಂಬಿಬಿಡುತ್ತದೆ.

ಊರಿನವರು ಹೇಳುವ ಹೆಸರನ್ನೂ ಬರೆದುಕೊಳ್ಳಿ. ಕೆಂಬೂತವನ್ನು ಒಂದು ಕಡೆ ಸಂಬಾರಕಾಗೆ ಎನ್ನುತ್ತಾರೆ, ಇನ್ನೊಂದು ಕಡೆ ರತ್ನಪಕ್ಷಿ. ದನ ಮೇಯಿಸುವವರಿಗೆ ಹಕ್ಕಿಯ ನಡವಳಿಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಿ, ಸಂತೋಷದಿಂದ ಹೇಳುತ್ತಾರೆ.

ಹಂತ 7: ಎಲ್ಲರೂ ಎಡವುವ ಜೋಡಿಗಳು

ಹೆಣ್ಣು ಕೋಗಿಲೆ. ಗಂಡು ಹೊಳೆಯುವ ಕಪ್ಪು, ಕೆಂಪು ಕಣ್ಣು, ತಿಳಿ ಹಸಿರು ಕೊಕ್ಕು. ಹೆಣ್ಣಿಗೆ ಕಂದು ಮೈ, ತುಂಬ ಬಿಳಿ ಚುಕ್ಕೆ. ಹೊಸಬರು ಇದನ್ನು ಹೊಸ ಹಕ್ಕಿ ಎಂದೋ ಗಿಡುಗ ಎಂದೋ ಬರೆಯುತ್ತಾರೆ. ಕಣ್ಣು ನೋಡಿ, ಅದೂ ಕೆಂಪೇ.

ಕಾಜಾಣ. ಕಪ್ಪು ಎಂದಾಕ್ಷಣ ಕಾಗೆ, ಕೋಗಿಲೆ ಎನ್ನಬೇಡಿ. ಪಿಕಳಾರದಷ್ಟು ಮೈ, ಮೀನಿನ ಬಾಲದಂತೆ ಸೀಳಿದ ಉದ್ದ ಬಾಲ, ತಂತಿಯ ಮೇಲೋ ಎಮ್ಮೆ ಬೆನ್ನಿನ ಮೇಲೋ ನೆಟ್ಟಗೆ ಕೂತಿರುವುದು ಕಾಜಾಣ.

ಹದ್ದು ಮತ್ತು ಗರುಡ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇದ್ದರೆ ಗರುಡ ಎಂದು ಎಲ್ಲರಿಗೂ ಗೊತ್ತು. ಎಡವುವುದು ಗರುಡನ ಮರಿಯಲ್ಲಿ, ಅದು ಹದ್ದಿನಂತೆಯೇ ಕಂದು. ಬಾಲ ನೋಡಿ: ಹದ್ದಿನ ಬಾಲದ ತುದಿ ನಡುವೆ ತಗ್ಗಿರುತ್ತದೆ, ಗರುಡನದು ದುಂಡಗಿರುತ್ತದೆ.

ಬೆಳ್ಳಕ್ಕಿಗಳು. ದನಗಳ ಕಾಲ ಬಳಿ ಓಡಾಡುವ, ಮೋಟು ಕುತ್ತಿಗೆ, ಹಳದಿ ಕೊಕ್ಕಿನದು ಗೋವಕ್ಕಿ. ಗೂಡಿನ ಕಾಲಕ್ಕೆ ಅದರ ತಲೆ, ಕೊರಳಿಗೆ ಕಿತ್ತಳೆ ಬಣ್ಣ ಬರುತ್ತದೆ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಆದರೆ ಸಣ್ಣ ಬೆಳ್ಳಕ್ಕಿ. ಪಾದ ನೀರಲ್ಲಿ ಮುಳುಗಿರುತ್ತದೆ, ಅದು ಹೆಜ್ಜೆ ಎತ್ತುವವರೆಗೆ ಕಾಯಬೇಕು. ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಬೆಳ್ಳಕ್ಕಿಗೂ ವ್ಯತ್ಯಾಸ ಬಾಯಿಯ ಗೆರೆಯಲ್ಲಿ: ದೊಡ್ಡದರಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಅಷ್ಟು ಹತ್ತಿರದಿಂದ ಕಾಣದಿದ್ದರೆ ‘ಬೆಳ್ಳಕ್ಕಿ’ ಎಂದಷ್ಟೇ ಬರೆದು ಮುಂದೆ ಹೋಗಿ.

ನೀರುಕಾಗೆ ಮತ್ತು ಹಾವಕ್ಕಿ. ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತವೆ. ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದ್ದರೆ ನೀರುಕಾಗೆ, ಭರ್ಜಿಯಂತೆ ನೇರವಾಗಿದ್ದರೆ ಹಾವಕ್ಕಿ.

ಗೊರವಂಕ ಮತ್ತು ಕಾಡುಮೈನಾ. ಕಣ್ಣಿನ ಹಿಂದೆ ಹಳದಿ ಚರ್ಮ ಇದ್ದರೆ ಗೊರವಂಕ. ಅದಿಲ್ಲದೆ, ಕೊಕ್ಕಿನ ಬುಡದಲ್ಲಿ ಸಣ್ಣ ಕರೀ ಜುಟ್ಟು ನಿಂತಿದ್ದರೆ ಕಾಡುಮೈನಾ. ರೆಕ್ಕೆಯ ಬಿಳಿ ಮಚ್ಚೆ ಎರಡಕ್ಕೂ ಇದೆ, ಅದನ್ನು ನಂಬಬೇಡಿ.

ಮಡಿವಾಳ ಮತ್ತು ಚಿಟ್ಟುಮಡಿವಾಳ. ಕಪ್ಪು ಬಿಳುಪು ಮೈ, ರೆಕ್ಕೆಯುದ್ದಕ್ಕೆ ಬಿಳಿ ಪಟ್ಟೆ ಇದ್ದರೆ ಮಡಿವಾಳ. ಕಪ್ಪು ಮೈಯ ಚಿಟ್ಟುಮಡಿವಾಳ ಬಂಡೆ, ಪಾಳುಗೋಡೆ ಮೇಲೆ ಬಾಲ ನಿಗುರಿಸಿ ನಿಂತಾಗ ಬಾಲದ ಅಡಿ ಇಟ್ಟಿಗೆ ಕೆಂಪು ಕಾಣುತ್ತದೆ.

ಇನ್ನೊಂದು: ದಾಸವಾಳದ ಮುಂದೆ ರೆಕ್ಕೆ ಬಡಿಯುತ್ತ ನಿಂತ ಪುಟ್ಟ ಹಕ್ಕಿಯ ವಿಡಿಯೊ ಕಳಿಸಿ ‘ಹಮ್ಮಿಂಗ್‌ಬರ್ಡ್ ಬಂದಿದೆ’ ಎನ್ನುವವರಿದ್ದಾರೆ. ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮ ಅಂಗಳದ್ದು ಸೂರಕ್ಕಿ.

ಹಂತ 8: ಕಿವಿಯನ್ನೂ ತೆರೆಯಿರಿ

ತಿಂಗಳು ಕಳೆದ ಮೇಲೆ ವಾರಕ್ಕೊಂದು ದನಿ ಕಲಿಯಿರಿ. ಕಂಚುಕುಟಿಗ ಒಂದೇ ಸಮನೆ ಪಾತ್ರೆ ತಟ್ಟಿದಂತೆ ‘ಟುಕ್ ಟುಕ್ ಟುಕ್’ ಎನ್ನುತ್ತದೆ. ಕುಟ್ರ ತನ್ನ ಹೆಸರನ್ನೇ ಕೂಗುತ್ತದೆ. ಟುವ್ವಿಹಕ್ಕಿಯೂ ಹಾಗೆಯೇ, ಅಂಗೈ ಅರ್ಧದಷ್ಟಿಲ್ಲದ ಹಕ್ಕಿಗೆ ಆ ದನಿ ಎಲ್ಲಿಂದ ಬಂತು ಅನ್ನಿಸುತ್ತದೆ. ಕೆಂಬೂತದ್ದು ಪೊದೆಯೊಳಗಿಂದ ಆಳವಾದ ‘ಹೂಪ್ ಹೂಪ್’.

ಆ್ಯಪ್ ದನಿ ಕೇಳಿ ಹೆಸರು ತೋರಿಸುತ್ತದೆ. ಅದನ್ನು ಸೂಚನೆ ಎಂದಷ್ಟೇ ತಿಳಿಯಿರಿ. ಎಲೆಹಕ್ಕಿ, ಭೀಮರಾಜನಂಥವು ಬೇರೆ ಹಕ್ಕಿಗಳ ದನಿಯನ್ನು ಅಚ್ಚುಕಟ್ಟಾಗಿ ಅನುಕರಿಸುತ್ತವೆ. ದನಿ ಬಂದ ಕಡೆ ಹೋಗಿ, ಕಣ್ಣಾರೆ ಕಂಡ ಮೇಲೆಯೇ ಪಟ್ಟಿಗೆ ಸೇರಿಸಿ.

ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಹತ್ತಿರ ಕರೆಯುವುದನ್ನು ಮಾತ್ರ ಮಾಡಲೇಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಅದು ಮೇವು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆ ಕಾಗೆಯ ಪಾಲಾಗಬಹುದು.

ಹಂತ 9: ಹಿಂದೆ ಸರಿಯಬೇಕಾದ ಸೂಚನೆಗಳು

ಹಕ್ಕಿ ಮೇಯುವುದನ್ನು ನಿಲ್ಲಿಸಿ, ಕತ್ತು ಚಾಚಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಎರಡು ಹೆಜ್ಜೆ ಹಿಂದೆ ಹೋಗಿ.

ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಿದೆ, ನುಂಗುತ್ತಲೂ ಇಲ್ಲ, ಎಲ್ಲಿಗೂ ಹೋಗುತ್ತಲೂ ಇಲ್ಲ ಎಂದರೆ ಹತ್ತಿರದಲ್ಲೇ ಗೂಡಿದೆ, ನೀವು ಅಡ್ಡ ನಿಂತಿದ್ದೀರಿ. ಬಯಲಿನಲ್ಲಿ ಟಿಟ್ಟಿಭ ತಲೆಯ ಮೇಲೆ ಎರಗುತ್ತ ಕಿರುಚುತ್ತಿದ್ದರೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಅದರ ಮೊಟ್ಟೆ ನೆಲದ ಮೇಲೆ ಕಲ್ಲಿನ ನಡುವೆ ಕಲ್ಲಿನಂತೆಯೇ ಇರುತ್ತವೆ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.

ಗೂಡಿನ ಮುಂದಿನ ಎಲೆ ಸರಿಸಬೇಡಿ. ಆ ಮರೆ ಬಿಸಿಲಿಗೂ ಕಾಗೆಗೂ ಕಟ್ಟಿದ ಗೋಡೆ. ಗೂಡಿನ ಫೋಟೊವನ್ನು ಜಾಗದ ಹೆಸರಿನೊಡನೆ ಯಾರಿಗೂ ಕಳಿಸಬೇಡಿ.

ಹಂತ 10: ದೊಡ್ಡ ಜಾಗಗಳಿಗೆ ಹೋಗುವುದು

ಊರಿನ 40 ಹಕ್ಕಿಗಳು ಗುರುತು ಸಿಕ್ಕ ಮೇಲೆ ಹೋಗಿ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ಹತ್ತಿರ ಕಾಣುವುದರಿಂದ ನೀರುಹಕ್ಕಿಗಳ ಕೊಕ್ಕು, ಕಾಲು ಕಲಿಯಲು ಸುಲಭ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳನ್ನು ನೋಡಲು ಗದಗ ಜಿಲ್ಲೆಯ ಮಾಗಡಿ ಕೆರೆ. ಕಂಡದ್ದನ್ನು ಇ-ಬರ್ಡ್‌ನಲ್ಲಿ, ಅಂದರೆ ಹಕ್ಕಿ ನೋಡುವವರು ತಮ್ಮ ಪಟ್ಟಿ ಸೇರಿಸುವ ಜಾಲತಾಣದಲ್ಲಿ, ದಾಖಲಿಸಿ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ಹಕ್ಕಿ ಇದ್ದವು ಎಂಬುದನ್ನೂ ತುಂಬಿಸಿ.

ಹಂತ 11: ಹೆಸರು ಸಿಗದ ಹಕ್ಕಿಗೆ ಒಂದು ಪುಟ

ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಖಾಲಿ ಬಿಡಿ. ಗುರುತು ಸಿಗದವೆಲ್ಲ ಅಲ್ಲಿಗೆ. ಊಹೆಯ ಹೆಸರು ಬರೆಯಬೇಡಿ. ಒಮ್ಮೆ ಬರೆದ ತಪ್ಪು ಹೆಸರು ಮುಂದಿನ ಸಲ ಕಣ್ಣನ್ನೇ ದಾರಿ ತಪ್ಪಿಸುತ್ತದೆ.

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಅಂಥ ಒಂದು ಟಿಪ್ಪಣಿ ಇದೆ: ‘ಡಿಸೆಂಬರ್. ಹಿತ್ತಲ ಬೇಲಿ, ಒಳಗೊಳಗೇ ಓಡಾಟ. ಗುಬ್ಬಚ್ಚಿಗಿಂತ ಚಿಕ್ಕದು. ಮಾಸಲು ಕಂದು, ಯಾವ ಗುರುತೂ ಇಲ್ಲ. ಚೆಕ್... ಚೆಕ್...’ ಮುಂದಿನ ಚಳಿಗಾಲ ಅದೇ ಬೇಲಿಯಲ್ಲಿ ಅದೇ ದನಿ. ಬೇಸಿಗೆಯಲ್ಲಿ ಇರಲಿಲ್ಲ, ಹಾಗಾದರೆ ವಲಸೆ ಬಂದದ್ದು ಎಂದು ಪಕ್ಕದಲ್ಲಿ ಬರೆದೆ. ಮೂರನೆಯ ಚಳಿಗಾಲ ಒಂದು ಬೆಳಿಗ್ಗೆ ಅದು ಬೇಲಿಯ ಹೊರಗಿನ ಕೊಂಬೆಗೆ ಬಂದು ಅರ್ಧ ನಿಮಿಷ ಕೂತಿತು. ಕೊಕ್ಕು ಉದ್ದ, ಹಣೆ ಚಪ್ಪಟೆ, ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ತುಂಡು ಹುಬ್ಬು. ಬ್ಲೈಥ್ಸ್ ರೀಡ್ ವಾರ್ಬ್ಲರ್. ನಮ್ಮ ಹಿತ್ತಲುಗಳಲ್ಲಿ ಚಳಿಗಾಲವಿಡೀ ಇರುವ ಹಕ್ಕಿ. ಈಗ ಪ್ರತಿ ವರ್ಷ ಆ ಮೊದಲ ‘ಚೆಕ್’ ಕೇಳಿದ ತಾರೀಕನ್ನು ಅದೇ ಪುಟದಲ್ಲಿ, ಹಳೆಯ ಟಿಪ್ಪಣಿಯ ಕೆಳಗೆ ಬರೆಯುತ್ತೇನೆ.